ಮಾಯಿಗ ಕಲಿತ ನಾಲ್ಕು ಇಂಗ್ಲಿಷ್ ಮಾತು

ಹತ್ತಿರ ಬನ್ನಿ, ಹಿಂದೆ ಕೂತವರಿಗೂ ಕೇಳಿಸಲಿ. ಕತೆ ಶುರು ಮಾಡೋದು ಸುಲಭ, ಬಾಯಿ ತೆರೆದರೆ ಆಯಿತು. ಮುಗಿಸೋದು ಕಷ್ಟ. ಇಷ್ಟು ವರ್ಷದಿಂದ ಕತೆ ಹೇಳುವ ನನಗೇ ಕಷ್ಟ ಅಂದಮೇಲೆ ನಮ್ಮ ಮಾಯಿಗನ ಪಾಡೇನು ಹೇಳಿ! ಯಾವ ಕೆಲಸ ಕೊಟ್ಟರೂ ಅವನಿಗೆ ಶುರು ಮಾಡೋದು ಗೊತ್ತು. ಎಲ್ಲಿ ಮುಗಿಸಬೇಕು, ಹೇಗೆ ಮುಗಿಸಬೇಕು, ಅದೊಂದೇ ಗೊತ್ತಿಲ್ಲ.

ಕಲ್ಲಹಟ್ಟಿ ಅಂತ ಒಂದು ಊರು. ಹಳ್ಳಿ ಅಂದರೆ ಊರವರಿಗೆ ಸಿಟ್ಟು ಬರುತ್ತೆ, ಪೇಟೆ ಅಂದರೆ ಪಕ್ಕದ ಊರವರಿಗೆ ನಗು ಬರುತ್ತೆ. ಅಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು. ಗಂಡ ಇಲ್ಲ. ಇರುವವನು ಒಬ್ಬನೇ ಮಗ, ಅವನೇ ಮಾಯಿಗ. ಇಪ್ಪತ್ತೈದು ವರ್ಷದ ಆಳು, ಬಾಗಿಲಲ್ಲಿ ಬಗ್ಗಿ ಬರಬೇಕು, ಎರಡು ಮೂಟೆ ಒಟ್ಟಿಗೇ ಎತ್ತುತ್ತಾನೆ. ಮನಸ್ಸು ಹಾಲಿನಂಥದ್ದು. ಆದರೆ ತಲೆಯೊಳಗೆ ಒಂದೇ ಒಂದು ಮಾತಿಗೆ ಜಾಗ. ಕೊನೆಗೆ ಯಾರು ಬೈದು ಏನು ಹೇಳಿದರೋ ಅದು ಒಳಗೆ ಬಂದು ಕೂರುತ್ತಿತ್ತು, ಮೊದಲಿದ್ದದ್ದು ಎದ್ದು ಹೋಗುತ್ತಿತ್ತು.

ಸಣ್ಣತಾಯಮ್ಮ ದಿನಕ್ಕೆ ಮೂರು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಅಯ್ಯೋ ನನ್ ಮಗನೆ! ನಾ ಕಣ್ಮುಚ್ಚಿದ್ ಮೇಲೆ ನಿನ್ನ ಯಾರ್ಲಾ ನೋಡ್ಕೋತಾರೆ?"

"ಈಗ್ಲೇ ಮುಚ್ಚವ್ವ, ಯಾರ್ ಬತ್ತಾರೆ ಅಂತ ನೋಡ್ಬುಡಾನ," ಅನ್ನುತ್ತಿದ್ದ ಮಾಯಿಗ.

ನಗಬೇಡಿ. ಆ ತಾಯಿಯ ಹೊಟ್ಟೆಯ ಸಂಕಟ ದೊಡ್ಡದು. ಅವಳಿಗೆ ಚಿನ್ನ ಬೇಡ, ತಾರಸಿ ಮನೆ ಬೇಡ. ಮಗನಿಗೆ ಒಬ್ಬ ಹೆಂಡತಿ ಬೇಕು, ಅಷ್ಟೇ. ಬೈದರೂ ಸರಿ, ಹೊತ್ತಿಗೆ ಮುದ್ದೆ ಇಟ್ಟು, "ಏಯ್, ಸಾಕು ಏಳು" ಅನ್ನುವವಳು ಒಬ್ಬಳು.

ಅಂಥವಳು ಇದ್ದಳು. ಸಣ್ಣತಾಯಮ್ಮನ ಅಣ್ಣನ ಮಗಳು ಚೆಲುವಿ. ಹೊಲಿಗೆ ಮೆಷಿನ್ ಇಟ್ಟುಕೊಂಡು ಊರಿನ ಅರ್ಧ ರವಿಕೆ ಹೊಲಿಯುತ್ತಿದ್ದಳು, ನಾಲಿಗೆ ಕತ್ತರಿಗಿಂತ ಚುರುಕು. ಅವಳಿಗೆ ಮಾಯಿಗ ಅಂದರೆ ಇಷ್ಟ. ಯಾಕೇ ಅಂತ ಯಾರಾದರೂ ಕೇಳಿದರೆ, "ಅವನು ಸುಳ್ಳು ಹೇಳಲ್ಲ, ಹೇಳೋಕೆ ಬರೋದೂ ಇಲ್ಲ. ಇನ್ನೇನ್ ಬೇಕು?" ಅನ್ನುತ್ತಿದ್ದಳು.

ಅಡ್ಡ ನಿಂತಿದ್ದವನು ಚೆಲುವಿಯ ಅಪ್ಪ, ದ್ಯಾವಣ್ಣ. ಪಟಾಲಮ್ಮಿನಲ್ಲಿ ಹದಿನೆಂಟು ವರ್ಷ ಬೇಳೆ ಬೇಯಿಸಿ ಬಂದವನು. ಬೇಳೆ ಬೇಯಿಸುತ್ತ ಬೇಯಿಸುತ್ತ ನಾಲ್ಕು ಇಂಗ್ಲಿಷ್ ಮಾತು ಕಲಿತಿದ್ದ. ಆ ನಾಲ್ಕನ್ನೇ ತಿರುಗಿಸಿ ಮುರುಗಿಸಿ ಆಡಿ ಊರಲ್ಲಿ ಮಿಲಿಟರಿ ದ್ಯಾವಣ್ಣ ಅನ್ನಿಸಿಕೊಂಡಿದ್ದ. ಮೀಸೆ ಇತ್ತು, ಮಾತಿಗೆ ನಿಲ್ಲುವ ಗುಣವೂ ಇತ್ತು. ಆ ಗುಣ ಇರದಿದ್ದರೆ ಈ ಕತೆಯೇ ಇಲ್ಲ.

ಒಂದು ಮಂಗಳವಾರ ಅವನು ತಂಗಿಯ ಮನೆಗೆ ಬಂದ. "ನೋಡು ಸಣ್ಣಿ, ಮುಂದಿನ ಸೋಮವಾರ ತೊರೆಹಳ್ಳಿ ಹುಡುಗನ ಕಡೆಯೋರು ಚೆಲುವಿನ ನೋಡಕ್ಕೆ ಬತ್ತಾವ್ರೆ. ಹುಡುಗ ಬೈಕ್ ಇಟ್ಟವ್ನೆ. ಒಪ್ಪಿದ್ರೆ ಅವತ್ತೇ ಒಪ್ಪುವೀಳ್ಯ."

ಸಣ್ಣತಾಯಮ್ಮ ಅಣ್ಣನ ಮುಂದೆ ಬಂದು ನಿಂತಳು. "ಅಣ್ಣಯ್ಯ, ನನ್ ಮಗ?"

"ನಿನ್ ಮಗ ಇವತ್ತಿನವರ್ಗೂ ಒಂದು ಕೆಲ್ಸಾನ ನೆಟ್ಟಗೆ ಎಂಡ್ ಮುಟ್ಟಿಸವ್ನಾ? ಸೋಮವಾರದೊಳಗೆ ಒಂದೇ ಒಂದು ಕೆಲ್ಸಾನ ಎಂಡ್ ಮುಟ್ಟಿಸ್ಲಿ, ತೊರೆಹಳ್ಳಿಯೋರ್ಗೆ ಬ್ಯಾಡ ಅಂತೀನಿ, ಮಗಳನ್ನ ಇವನಿಗೇ ಕೊಡ್ತೀನಿ. ಇದು ಮಿಲಿಟರಿ ಮಾತು!"

ಬುಧವಾರ ಬೆಳಿಗ್ಗೆ ಸಣ್ಣತಾಯಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ, ಕ್ರಾಪು ಬಾಚಿ, ನಂಜುಂಡಯ್ಯನ ಹೋಟೆಲಿಗೆ ಕಳಿಸಿದಳು. ನಂಜುಂಡಯ್ಯ ಹಿತ್ತಲ ಬಾವಿ ತೋರಿಸಿದ, ಒಲೆಯ ಪಕ್ಕದ ಡ್ರಮ್ ತೋರಿಸಿದ. "ಬಾವೀಲಿ ಸೇದು, ಡ್ರಮ್ಮಿಗೆ ಹುಯ್ಯಿ," ಅಂದ.

ಮಾಯಿಗ ಸೇದಿದ, ಹುಯ್ದ. ಸೇದಿದ, ಹುಯ್ದ. ಡ್ರಮ್ ತುಂಬಿತು. ಸೇದಿದ, ಹುಯ್ದ. ಡ್ರಮ್ ಉಕ್ಕಿತು. ಸೇದಿದ, ಹುಯ್ದ. ನೀರು ಅಡುಗೆಮನೆ ತುಂಬಿತು, ನೆಲದ ಒಲೆ ಭುಸ್ ಅಂತ ಆರಿಹೋಯಿತು. ಕೆಳಗಿಟ್ಟಿದ್ದ ಇಡ್ಲಿ ತಟ್ಟೆ ತೇಲಿಕೊಂಡು ಗಿರಾಕಿಗಳ ಕಾಲ ಬುಡಕ್ಕೆ ಬಂತು. ಒಬ್ಬ ಪುಣ್ಯಾತ್ಮ ಬಗ್ಗಿ ಎರಡು ಎತ್ತಿಕೊಂಡ ಅಂತಲೂ ಹೇಳುತ್ತಾರೆ.

"ಲೋ! ತುಂಬಿದ್ ಮೇಲೆ ಯಾಕೋ ನಿಲ್ಲಿಸ್ಲಿಲ್ಲ?" ನಂಜುಂಡಯ್ಯ ಪಂಚೆ ಎತ್ತಿ ಹಿಡಿದು ಕೂಗಿದ.

"ನೀವು ಸೇದು ಅಂದ್ರಿ, ಹುಯ್ಯಿ ಅಂದ್ರಿ. ನಿಲ್ಲಿಸು ಅನ್ಲೇ ಇಲ್ವಲ್ಲ ಸ್ವಾಮಿ!"

ಕೆಲಸ ಹೋಯಿತು. ಸಂಜೆ ದ್ಯಾವಣ್ಣ ಬಂದು ಜಗಲಿಯ ಮೇಲೆ ಕೂತು ಮೀಸೆ ತಿರುವಿದ. "ಇವನಿಗೆ ಯಾರೂ ಸ್ಟಾಪ್ ಕಲಿಸಿಲ್ಲ, ಅದೇ ತೊಂದರೆ. ಕೇಳ್ಲಾ ಮಾಯಿಗ. ಸ್ಟಾಪ್ ಅಂದ್ರೆ ಸ್ಟಾಪ್. ಕೈ ಎಲ್ಲದೋ ಅಲ್ಲೇ, ಕಾಲು ಎಲ್ಲದೋ ಅಲ್ಲೇ. ಆಮೇಲೆ ಯಾರ್ ಏನಂದ್ರೂ ಒಂದು ಕೂದಲೆಳೆ ಮುಂದಕ್ಕಿಲ್ಲ!"

"ಒಂದು ಕೂದಲೆಳೆ ಮುಂದಕ್ಕಿಲ್ಲ!" ಅಂದ ಮಾಯಿಗ. ರಾತ್ರಿಯೆಲ್ಲ ಅದನ್ನೇ ಹೇಳಿಕೊಂಡು ಮಲಗಿದ.

ಗುರುವಾರ ಬಷೀರ್ ಸಾಬರ ಬೀರು ಅಂಗಡಿ. ಮೇಷ್ಟರೊಬ್ಬರ ಮನೆಗೆ ಒಂದು ಕಬ್ಬಿಣದ ಬೀರು ಹೋಗಬೇಕಿತ್ತು. ನಾಲ್ಕು ಜನ ಹೊರುವ ಬೀರನ್ನು ಮಾಯಿಗ ಒಬ್ಬನೇ ತಲೆ ಮೇಲೆ ಇಟ್ಟುಕೊಂಡ. ಬಷೀರ್ ಸಾಬರಿಗೆ ಖುಷಿಯೋ ಖುಷಿ. "ಭಲೇ ಬೇಟಾ! ನನ್ ಹಿಂದೇನೇ ಬಾ," ಅಂತ ಮುಂದೆ ನಡೆದರು.

ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟುವಾಗ ಬಸ್ಸು ಬಂತು.

"ಸ್ಟಾಪ್!" ಅಂದರು ಬಷೀರ್ ಸಾಬರು.

ಮಾಯಿಗ ನಿಂತ. ರಸ್ತೆಯ ನಟ್ಟ ನಡುವೆ, ಒಂದು ಕಾಲು ನೆಲದ ಮೇಲೆ, ಒಂದು ಕಾಲು ಗಾಳಿಯಲ್ಲಿ, ತಲೆ ಮೇಲೆ ಬೀರು. ಬಸ್ಸೂ ನಿಂತಿತು.

"ಹಾಂ, ಈಗ ಬಾ ಬೇಟಾ."

ಮಾಯಿಗ ಬರಲಿಲ್ಲ.

"ಅರೆ, ಬಾರಪ್ಪಾ!"

"ಯಾರ್ ಏನಂದ್ರೂ ಒಂದು ಕೂದಲೆಳೆ ಮುಂದಕ್ಕಿಲ್ಲ ಸಾಬ್ರೇ!"

ಬಸ್ಸಿನವನು ಹಾರನ್ ಹೊಡೆದ. ಹಿಂದಿನ ಲಾರಿಯವನು ಹೊಡೆದ. ಎತ್ತಿನ ಗಾಡಿ ನಿಂತಿತು, ಕುರಿ ಮಂದೆ ನಿಂತಿತು, ಸ್ಕೂಲಿನ ಮಕ್ಕಳು ಸುತ್ತ ನಿಂತು ಒಂದೇ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ ಅಂತ ಎಣಿಸತೊಡಗಿದರು. ಪೊಲೀಸಿನವನು ಬಂದು ಲಾಠಿ ತೋರಿಸಿದ. ಬೀರಿನ ಕೆಳಗಿನಿಂದಲೇ ಮಾಯಿಗ ನಮಸ್ಕಾರ ಅಂದ, ಅಲ್ಲಾಡಲಿಲ್ಲ. ಕಡೆಗೆ ಎಂಟು ಜನ ಸೇರಿ ಬೀರಿನ ಸಮೇತ ಮಾಯಿಗನನ್ನು ಎತ್ತಿಕೊಂಡು ಹೋಗಿ ಮೇಷ್ಟರ ಮನೆಯಲ್ಲಿ ಇಟ್ಟುಬಂದರು. ಮೇಷ್ಟರ ಹೆಂಡತಿ ಬೀರನ್ನು ಮಾತ್ರ ಒಳಗೆ ಬಿಟ್ಟುಕೊಂಡಳು.

ಸಂಜೆ ದ್ಯಾವಣ್ಣ ಜಗಲಿಗೆ ಹತ್ತುವಾಗಲೇ ಕೂಗುತ್ತಿದ್ದ. "ಅಯ್ಯೋ ಮುಟ್ಠಾಳ! ಸ್ಟಾಪ್ ಬೇರೆ, ಫಿನಿಶ್ ಬೇರೆ ಕಣ್ಲಾ! ಸ್ಟಾಪ್ ಅಂದ್ರೆ ಕೆಲ್ಸ ಇನ್ನೂ ಬಾಕಿ ಅದೆ ಅಂತ. ಫಿನಿಶ್ ಅಂದ್ರೆ ಏನೂ ಬಾಕಿ ಇಲ್ಲ ಅಂತ. ನೀನು ಫಿನಿಶ್ ಮಾಡಬೇಕಾಗಿತ್ತು! ಹಿಡಿದದ್ದು ತಳ ಕಾಣೋವರ್ಗೂ ಬಿಡಬಾರದು. ಮಧ್ಯ ಯಾರು ಸಾಕು ಅಂದ್ರೂ ಬಿಡಬಾರದು!"

"ತಳ ಕಾಣೋವರ್ಗೂ ಬಿಡಬಾರದು!" ಅಂದ ಮಾಯಿಗ.

ಸಣ್ಣತಾಯಮ್ಮ ಒಳಗಿಂದ ಕೇಳಿಸಿಕೊಂಡಳು. ಅಣ್ಣನ ಇಂಗ್ಲಿಷು ಕೇಳಿದಷ್ಟೂ ಅವಳಿಗೆ ಭಯ ಹೆಚ್ಚಾಯಿತು. ಆದರೆ ಹೆಣ್ಣು ಕೊಡಬೇಕಾದವನು ಅವನೇ, ಏನು ಮಾಡುತ್ತಾಳೆ?

ಶುಕ್ರವಾರ ಊರಲ್ಲಿ ಒಂದು ಗೃಹಪ್ರವೇಶ. ಅಡುಗೆ ಸೀತಾರಾಮ ಭಟ್ಟರದು. ಬಡಿಸಲು ಕೈ ಸಾಲದೆ ಮಾಯಿಗನನ್ನು ಕರೆದರು. "ನಿನಗೆ ಸುಲಭದ್ದು ಕೊಡ್ತೀನಿ. ಇದು ಉಪ್ಪಿನಕಾಯಿ ಜಾಡಿ. ಎಲೆ ತುದೀಲಿ ಬಡಿಸ್ಕೊಂಡು ಹೋಗು."

ಮೊದಲನೇ ಎಲೆ ಮರಿಗೌಡರದು. ಊರಿಗೆ ಹಿರೀಕರು, ಬಿಳೀ ಮೀಸೆ, ಇಸ್ತ್ರಿ ಮಾಡಿದ ಬಿಳೀ ಅಂಗಿ. ಮಾಯಿಗ ಒಂದು ಸೌಟು ಬಡಿಸಿದ. ತಳ ಕಾಣಲಿಲ್ಲ. ಇನ್ನೊಂದು ಬಡಿಸಿದ.

"ಸಾಕಪ್ಪ," ಅಂದರು ಗೌಡರು.

ಇನ್ನೊಂದು ಸೌಟು.

"ಸಾಕು ಅಂದೆ!" ಗೌಡರು ಎಲೆಗೆ ಕೈ ಅಡ್ಡ ಹಿಡಿದರು. ಕೈ ಮೇಲೆ ಒಂದು ಸೌಟು ಬಿತ್ತು. ಎರಡೂ ಕೈ ಅಡ್ಡ ಹಿಡಿದರು. ಎರಡೂ ಕೈ ಮೇಲೆ ಬಿತ್ತು. ಎಲೆಯ ಮೇಲೆ ಪೂರ್ತಿ ಬಗ್ಗಿದರು.

"ಸಾಕೋ! ಸಾಕೋ ಮಾರಾಯ!"

"ಯಾರು ಸಾಕು ಅಂದ್ರೂ ಬಿಡಬಾರದು ಗೌಡ್ರೇ!" ಅಂತ ಮಾಯಿಗ ಜಾಡಿಯನ್ನು ಬೋರಲು ಹಾಕಿ, ಒಳಗೆ ಬೆರಳು ಬಿಟ್ಟು ಒರಸಿ, ಕೊನೆಯ ಮಾವಿನಕಾಯಿ ಹೋಳನ್ನು ಗೌಡರ ಬೆನ್ನ ಮೇಲೆ ಇಟ್ಟು, ಜಾಡಿಯ ತಳವನ್ನು ಎಲ್ಲರಿಗೂ ತೋರಿಸಿದ. "ಫಿನಿಶ್ ಭಟ್ರೇ! ತಳ ಕಂಡುಬಿಡ್ತು!"

ಉಳಿದ ನಲವತ್ತೊಂಬತ್ತು ಎಲೆಗೆ ಅವತ್ತು ಉಪ್ಪಿನಕಾಯಿ ಇಲ್ಲ. ಮರಿಗೌಡರ ಅಂಗಿ ಮತ್ತೆ ಬಿಳಿಯಾಗಲಿಲ್ಲ.

ಭಟ್ಟರು ಮಾಯಿಗನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. "ಅಯ್ಯಾ ಮಂಕೇ, ಜಾಡೀನ ಫಿನಿಶ್ ಮಾಡು ಅಂದ್ನೇನೋ ನಾನು? ಎಲ್ಲರಿಗೂ ಒಂದೊಂದು ಚೂರು ಹಾಕಿ ಕ್ಲೋಸ್ ಮಾಡಬೇಕು. ಫಿನಿಶ್ ಅಂದ್ರೆ ಒಳಗೆ ಏನೂ ಇಲ್ಲ. ಕ್ಲೋಸ್ ಅಂದ್ರೆ ಒಳಗಿರೋದು ಒಳಗೇ ಇರುತ್ತೆ, ಹೊರಗಿಂದ ಮುಚ್ಚಳ! ಮುಚ್ಚಳ ಹಾಕಿ, ಬಟ್ಟೆ ಬಿಗಿದು, ದಾರ ಸುತ್ತಿ, ಗಾಳಿ ಆಡದ ಹಾಗೆ ಭದ್ರ ಮಾಡಿ ಹೊರಟುಹೋಗಬೇಕು. ತಿಳೀತೇನೋ?"

"ಒಳಗಿರೋದು ಒಳಗೇ, ಹೊರಗಿಂದ ಮುಚ್ಚಳ!" ಅಂದ ಮಾಯಿಗ.

ಶನಿವಾರ ಶಂಕರಶೆಟ್ಟರ ಬಟ್ಟೆ ಅಂಗಡಿ. ಬೆಳಗಿನಿಂದ ಮಾಯಿಗ ಸೀರೆ ಇಳಿಸಿದ, ಸೀರೆ ಮಡಿಸಿದ, ಒಂದೂ ತಪ್ಪಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವರು ಹೆಂಗಸರು ಬಂದರು. ಆ ಸೀರೆ ತೆಗಿ, ಈ ಸೀರೆ ತೆಗಿ, ಅಂಚು ಇಷ್ಟಿರಲಿ, ಸೆರಗು ಅಷ್ಟಿರಲಿ. ಶೆಟ್ಟರಿಗೆ ಹಸಿವು. ಇವರಿಗೆ ಕೊಟ್ಟು ಕಳಿಸುವಷ್ಟರಲ್ಲಿ ಹೊಸ ಗಿರಾಕಿ ಬರದಿರಲಿ ಅಂತ, "ಮಾಯಿಗಾ, ಕ್ಲೋಸ್ ಮಾಡಪ್ಪ," ಅಂದರು.

ಮಾಯಿಗ ಹೊರಗೆ ಬಂದ. ಷಟರ್ ಎಳೆದ, ಬೀಗ ಜಡಿದ. ಬೀಗದ ಮೇಲೆ ತನ್ನ ಟವೆಲು ಬಿಗಿದ. ಟವೆಲಿನ ಮೇಲೆ ಹನ್ನೆರಡು ಸುತ್ತು ಹುರಿ ಸುತ್ತಿದ. ಒಳಗಿನಿಂದ ದಬದಬ ಬಡಿಯುವ ಸದ್ದು ಕೇಳಿಸಿತು. "ಒಳಗಿರೋದು ಒಳಗೇ ಅದೆ," ಅಂತ ಸಮಾಧಾನವಾಗಿ ಕೀಲಿ ಸೊಂಟಕ್ಕೆ ಸಿಕ್ಕಿಸಿ ಮನೆಗೆ ಹೊರಟ.

ಸಣ್ಣತಾಯಮ್ಮ ಬಾಗಿಲಲ್ಲೇ ಇದ್ದಳು. "ಏನ್ಲಾ ಮಗ, ಆಗ್ಲೇ ಬಂದೆ? ಇವತ್ತೂ ಓಡಿಸಿಬಿಟ್ರಾ?"

"ಇಲ್ಲವ್ವ. ಅಂಗಡಿ ಕ್ಲೋಸ್ ಮಾಡ್ಬಿಟ್ಟು ಬಂದೆ. ಭದ್ರವಾಗಿ."

ಅವಳ ಕಣ್ಣಲ್ಲಿ ನೀರು ಬಂತು. ಮಗ ಒಂದು ಕೆಲಸ ಕೊನೆ ಮುಟ್ಟಿಸಿದ್ದ! ಬಿಸಿ ಮುದ್ದೆ ಇಟ್ಟಳು, ಬಸ್ಸಾರು ಬಿಟ್ಟಳು, ಹಬ್ಬಕ್ಕೆ ಎತ್ತಿಟ್ಟಿದ್ದ ತುಪ್ಪ ತೆಗೆದು ಮೇಲೆ ಹಾಕಿದಳು. ತಲೆ ಸವರಿದಳು. ಸವರುತ್ತ ಸುಮ್ಮನೆ ಕೇಳಿದಳು, "ಶೆಟ್ರು ಊಟಕ್ಕೆ ಹೋದ್ರಾ ಮಗ?"

"ಇಲ್ಲವ್ವ. ಒಳಗವ್ರೆ."

"ಯಾವ ಒಳಗೆ?"

"ಅಂಗಡಿ ಒಳಗೆ. ಮೂರ್ ಜನ ಹೆಂಗಸ್ರೂ ಅವ್ರೆ. ಬಡಿದ್ರು, ಕೂಗಿದ್ರು. ನಾನ್ ಬಿಡ್ಲಿಲ್ಲ."

ಸಣ್ಣತಾಯಮ್ಮ ಕೀಲಿ ಕಿತ್ತುಕೊಂಡು ಓಡಿದಳು. ಸೆರಗು ಜಾರಿತು, ಚಪ್ಪಲಿ ಕಳಚಿತು, ನಿಲ್ಲಲಿಲ್ಲ. ಹನ್ನೆರಡು ಸುತ್ತು ಹುರಿ ಬಿಚ್ಚಿ ಷಟರ್ ಎತ್ತಿದರೆ ಶೆಟ್ಟರು ಬೆವರಿ ತೊಪ್ಪೆಯಾಗಿದ್ದರು. ಮೂವರು ಹೆಂಗಸರು ಕೆಂಡವಾಗಿದ್ದರು. ಅವರಲ್ಲಿ ದಪ್ಪಗೆ ಇದ್ದವಳು ಯಾರು ಗೊತ್ತಾ? ತೊರೆಹಳ್ಳಿಯ ಹುಡುಗನ ತಾಯಿ! ಸೋಮವಾರ ಚೆಲುವಿಗೆ ಕೊಡಲು ಸೀರೆ ಆರಿಸಲು ಬಂದಿದ್ದಳು!

ಅವತ್ತು ದ್ಯಾವಣ್ಣ ಜಗಲಿ ಹತ್ತಲೂ ಇಲ್ಲ, ಬೀದಿಯಲ್ಲೇ ನಿಂತು ಕೂಗಿದ. "ಮುಗೀತು ಸಣ್ಣಿ! ನಿನ್ ಮಗನ ಸಂಬಂಧ ಕ್ಯಾನ್ಸಲ್!"

"ಹಂಗಂದ್ರೇನ್ ಮಾವ?" ಮಾಯಿಗ ಮುಂದೆ ಬಂದು ಆಸೆಯಿಂದ ಕೇಳಿದ.

ಎಂಥ ಸಿಟ್ಟಿನಲ್ಲೂ ಇಂಗ್ಲಿಷ್ ಹೇಳಿಕೊಡುವ ಅವಕಾಶ ಬಂದರೆ ದ್ಯಾವಣ್ಣ ಬಿಡುವವನಲ್ಲ. "ಸ್ಟಾಪ್ ಅಂದ್ರೆ ಮಧ್ಯಕ್ಕೆ ನಿಲ್ಲೋದು. ಫಿನಿಶ್ ಅಂದ್ರೆ ಪೂರ್ತಿ ಮಾಡೋದು. ಕ್ಲೋಸ್ ಅಂದ್ರೆ ಮುಚ್ಚೋದು. ಕ್ಯಾನ್ಸಲ್ ಅಂದ್ರೆ ಅವ್ಯಾವೂ ಅಲ್ಲ. ಆಗಿದ್ದು ಆಗೇ ಇಲ್ಲ ಅನ್ನೋ ಹಂಗೆ ಮಾಡೋದು! ತಗೊಂಡಿದ್ದು ತಗೊಂಡ ಜಾಗಕ್ಕೆ ವಾಪಸ್, ಬಂದಿದ್ದು ಬಂದ ದಾರೀಲಿ ವಾಪಸ್, ಒಂದು ಗುರುತೂ ಉಳೀಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಮಾವ! ಒಂದು ಗುರುತೂ ಉಳೀಬಾರದು!"

"ಸೋಮವಾರ ಬಂದು ಎಂಟು ಜನಕ್ಕೆ ನೀರು, ಉಪ್ಪಿಟ್ಟು ಕೊಟ್ಟು ಹೋಗು. ನಿಮ್ಮವ್ವನ ಮುಖ ನೋಡಿ ಕರೀತಾ ಇದೀನಿ." ಅಂದವನೇ ಹೋದ.

ಆ ಭಾನುವಾರ ಸಣ್ಣತಾಯಮ್ಮ ಒಲೆ ಹಚ್ಚಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ಕೈಗೆ ಬಂದಿದ್ದ ಸೊಸೆ ಬೇರೆಯವರ ಮನೆಗೆ ಹೋಗುತ್ತಾಳೆ, ಅದನ್ನು ತಾನೇ ಮುಂದೆ ನಿಂತು ನೋಡಬೇಕು. ಮಾಯಿಗ ಅವಳ ಪಕ್ಕ ಕೂತು, ಅವಳು ಅತ್ತಾಗ ತಾನೂ ಅತ್ತ, ಅವಳು ಮೂಗು ಒರಸಿಕೊಂಡಾಗ ತಾನೂ ಒರಸಿಕೊಂಡ.

ಸೋಮವಾರ ಬಂತು. ಒಂದು ವ್ಯಾನು, ಅದರ ಮುಂದೆ ಒಂದು ಬೈಕು. ಎಂಟು ಜನ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ಹುಡುಗನ ತಾಯಿ ಮಾಯಿಗನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಅವನು ಮಾತ್ರ ಅಚ್ಚುಕಟ್ಟು. ಎಂಟು ಲೋಟ ನೀರು ಕೊಟ್ಟ. ಎಂಟು ತಟ್ಟೆ ಉಪ್ಪಿಟ್ಟು ಕೊಟ್ಟ. ಒಂದು ತೊಟ್ಟು ಚೆಲ್ಲಲಿಲ್ಲ. ಸಣ್ಣತಾಯಮ್ಮ ಬಾಗಿಲ ಸಂದಿಯಲ್ಲಿ ನಿಂತು ಒಂದೊಂದು ತಟ್ಟೆಯನ್ನೂ ಎಣಿಸುತ್ತಿದ್ದಳು.

ಚೆಲುವಿ ಬಂದು ತಲೆ ತಗ್ಗಿಸಿ ಕೂತಳು. ಹುಡುಗನ ತಾಯಿ ಮೂಲೆಯಲ್ಲಿದ್ದ ಮೆಷಿನ್ ನೋಡಿದಳು. "ಹುಡ್ಗಿ ಪರವಾಗಿಲ್ಲ. ಆದ್ರೆ ಈ ಕಟಕಟ ನಮ್ಮನೇಲಿ ನಡಿಯಕ್ಕಿಲ್ಲ. ಮೆಷಿನ್ ಇಲ್ಲೇ ಬಿಟ್ಟು ಬರಬೇಕು."

ಚೆಲುವಿಯ ತಲೆ ಇನ್ನೂ ತಗ್ಗಿತು. ದ್ಯಾವಣ್ಣ ಮೀಸೆ ಮುಟ್ಟಿಕೊಂಡ, "ಆಯ್ತು" ಅಂದ. ಎಲೆ ಅಡಿಕೆ ತಟ್ಟೆ ನಡುವೆ ಇಟ್ಟರು. ಎರಡೂ ಕಡೆಯವರು ತಟ್ಟೆ ಬದಲಾಯಿಸಿಕೊಂಡರೆ ಮಾತು ಕಟ್ಟಿದ ಹಾಗೆ.

ಮಾಯಿಗ ಚೆಲುವಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಹಿಂದಿನ ದಿನ ಅವ್ವನ ಕಣ್ಣಲ್ಲಿ ಇದ್ದಂಥದ್ದೇ ನೀರು. ಅವನಿಗೆ ತಡೆಯಲಾಗಲಿಲ್ಲ. ಇದನ್ನು ಕೊನೆ ಮಾಡಬೇಕು ಅನ್ನಿಸಿತು. ಕೊನೆ ಮಾಡೋದು ಹೇಗೆ? ತಲೆಯೊಳಗೆ ಇದ್ದದ್ದು ಒಂದೇ ಮಾತು.

"ಮಾವ, ಕ್ಯಾನ್ಸಲ್ ಮಾಡ್ಲಾ?" ಅಂತ ಕೇಳಿದ. ಉತ್ತರಕ್ಕೆ ಕಾಯಲಿಲ್ಲ.

ಮೊದಲು ಎಲೆ ಅಡಿಕೆ ತಟ್ಟೆ ಎತ್ತಿ, ಎಲೆಯನ್ನು ಮತ್ತೆ ಕಟ್ಟು ಕಟ್ಟಿ, ಅಡಿಕೆ ಡಬ್ಬಿಗೆ ಸುರಿದ. ಹುಡುಗನ ಸೋದರಮಾವನ ಬಾಯಿಯ ಹತ್ತಿರ ಹೋಗಿದ್ದ ಉಪ್ಪಿಟ್ಟಿನ ತಟ್ಟೆ ಕಿತ್ತುಕೊಂಡು ಪಾತ್ರೆಗೆ ಹಾಕಿದ. ಎಂಟು ತಟ್ಟೆಯೂ ಪಾತ್ರೆಗೆ. ಕುಡಿಯದೆ ಉಳಿದ ನೀರು ಬಿಂದಿಗೆಗೆ. ತಂದ ಸೀರೆ ತಂದವಳ ಮಡಿಲಿಗೆ. ಆಮೇಲೆ ಹುಡುಗನನ್ನು ಬೀರು ಎತ್ತಿದ ಹಾಗೆ ತಲೆ ಮೇಲೆ ಎತ್ತಿಕೊಂಡು ಹೋಗಿ ಬೈಕಿನ ಮೇಲೆ ಕೂರಿಸಿದ.

"ಸ್ಟಾಪ್! ಮಾಯಿಗಾ, ಸ್ಟಾಪ್!" ಅಂತ ದ್ಯಾವಣ್ಣ ಅರಚಿದ.

"ಅದು ಬುಧವಾರದ ಮಾತು ಮಾವ! ಹಳೇದಾಯ್ತು!" ಅಂತ ಮಾಯಿಗ ಹುಡುಗನ ತಾಯಿಯನ್ನು ಚಾಪೆಯ ಸಮೇತ ಎತ್ತಿದ.

"ಅಯ್ಯಯ್ಯೋ, ನನ್ನ ಇಳಿಸೋ!"

"ಇಳಿಸ್ತೀನಿ ತಾಯಿ, ವ್ಯಾನೊಳಗೆ!"

ಉಳಿದವರು ತಾವಾಗಿಯೇ ಓಡಿದರು. ಮಾಯಿಗ ಹದಿನಾರು ಚಪ್ಪಲಿಯನ್ನೂ ವ್ಯಾನಿಗೆ ಎಸೆದು, ಚಾಪೆ ವಾಪಸ್ ತಂದು ಸುತ್ತಿಟ್ಟು, ಪೊರಕೆ ತೆಗೆದುಕೊಂಡು ಅಂಗಳದಲ್ಲಿ ಬಿದ್ದಿದ್ದ ಟೈರಿನ ಗುರುತನ್ನು ರಸ್ತೆಯವರೆಗೂ ಗುಡಿಸಿ ಬಂದ. ವ್ಯಾನಿನೊಳಗಿನಿಂದ, "ಹುಚ್ಚರ ಮನೆ! ಈ ಸಂಬಂಧ ಬ್ಯಾಡ!" ಅನ್ನುವ ಕೂಗು ದೂರ ದೂರ ಹೋಗಿ ಕೇಳಿಸದಾಯಿತು.

ಮನೆ ಬೆಳಿಗ್ಗೆ ಇದ್ದ ಹಾಗೇ ಇತ್ತು. ದ್ಯಾವಣ್ಣ ಕಂಬ ಹಿಡಿದು ನಿಂತಿದ್ದ, ಬಾಯಿಂದ ಕನ್ನಡವೂ ಹೊರಡಲಿಲ್ಲ, ಇಂಗ್ಲಿಷೂ ಹೊರಡಲಿಲ್ಲ. ಸಣ್ಣತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಆಗ ಚೆಲುವಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಅಪ್ಪಾ, ನೀನೇನಂದಿದ್ದೆ? ಸೋಮವಾರದೊಳಗೆ ಒಂದು ಕೆಲ್ಸಾನ ಎಂಡ್ ಮುಟ್ಟಿ‌ಸ್ಲಿ, ಇವನಿಗೇ ಕೊಡ್ತೀನಿ ಅಂತ ತಾನೆ? ನೋಡು, ಕ್ಯಾನ್ಸಲ್ ಹೆಂಗಿರಬೇಕು ಅಂತ ನೀನೇ ಹೇಳಿಕೊಟ್ಟೆ. ಏನಾದ್ರೂ ಬಾಕಿ ಉಳಿದಿದ್ರೆ ತೋರಿಸು!"

ದ್ಯಾವಣ್ಣ ಪಾತ್ರೆ ನೋಡಿದ, ಬಿಂದಿಗೆ ನೋಡಿದ, ಗುಡಿಸಿದ ಅಂಗಳ ನೋಡಿದ. ಹದಿನೆಂಟು ವರ್ಷ ಪಟಾಲಮ್ಮಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ಹುಕುಂ ಪಾಲಿಸಿದ ಒಬ್ಬನನ್ನೂ ಅವನು ನೋಡಿರಲಿಲ್ಲ. "ಇವತ್ತೂ ಸೋಮವಾರವೇ," ಅಂದ ನಿಧಾನವಾಗಿ. "ಆ ಹೆಂಗಸು ಮೆಷಿನ್ ಬಿಟ್ಟು ಬಾ ಅಂದಾಗ ನನಗೂ ಹೊಟ್ಟೆ ಉರೀತು. ಆಯ್ತು ಸಣ್ಣಿ. ಮಿಲಿಟರಿ ಮಾತು."

ಸಣ್ಣತಾಯಮ್ಮ ಅಣ್ಣನ ಕಾಲಿಗೆ ಬೀಳಲು ಹೋಗಿ, ಮಗನ ಕಾಲು ತೊಡರಿ, ಸೊಸೆಯ ಮೇಲೆ ಬಿದ್ದಳು. ಅಷ್ಟು ಸಂತೋಷ ಅವಳಿಗೆ!

ಮದುವೆಯ ಹಿಂದಿನ ದಿನ ದ್ಯಾವಣ್ಣ ಮಾಯಿಗನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿಕೊಟ್ಟ. ತಾಳಿ ಹೀಗೆ, ಗಂಟು ಹೀಗೆ. ಧಾರೆಯ ಹೊತ್ತಿಗೆ ತೆಂಗಿನಕಾಯಿ ಹಿಡಿದ ಹುಡುಗ ಹುಡುಗಿಯ ಕೈ ಮೇಲೆ ಊರವರೆಲ್ಲ ಒಬ್ಬೊಬ್ಬರಾಗಿ ಹಾಲು ಹುಯ್ಯುತ್ತಾರಲ್ಲ, ಅದಕ್ಕೆ ನೀರು ಹುಯ್ದು ಅಭ್ಯಾಸ ಮಾಡಿಸಿದ. ತಣ್ಣೀರು ಬಿದ್ದ ಕೂಡಲೇ ಮಾಯಿಗ ಕೈ ಬಿಟ್ಟ. ಇನ್ನೊಂದು ಸಲ ಬಿಟ್ಟ. ಮೂರನೇ ಸಲವೂ ಬಿಟ್ಟ.

"ಲೇ! ನಾಳೆ ಹಿಂಗ್ ಮಾಡಿದ್ರೆ ಮಾನ ಹೋಯ್ತದೆ! ಕೇಳು. ನಾಳೆ ನಿನಗೆ ಸ್ಟಾಪೂ ಇಲ್ಲ, ಫಿನಿಶ್ಶೂ ಇಲ್ಲ, ಕ್ಲೋಸೂ ಇಲ್ಲ, ಕ್ಯಾನ್ಸಲ್ಲೂ ಇಲ್ಲ. ಬ್ಯಾಂಡಿನೋರ್ಗೆ ಯಾರೋ ಸ್ಟಾಪ್ ಅಂತಾರೆ, ಅಡುಗೆಯೋರ್ಗೆ ಯಾರೋ ಫಿನಿಶ್ ಅಂತಾರೆ, ನೀನು ಕಿವಿ ಕೊಡಬೇಡ. ನಾನೇ ಬಂದು ಕೂಗಿದ್ರೂ ಕೇಳಬೇಡ. ಕಣ್ಮುಚ್ಕೊಂಡು, ಹಿಡಿದ ಕೈನ ಬಿಗಿಯಾಗಿ ಹಿಡ್ಕೊಂಡಿರು. ಬಿಡಬೇಡ!"

"ಹಿಡಿದ ಕೈ ಬಿಡಬೇಡ!" ಅಂದ ಮಾಯಿಗ.

ಮಾರನೇ ದಿನ ತಾಳಿ ಕಟ್ಟಿದ, ಮೂರು ಗಂಟೂ ಸರಿಯಾಗಿ ಬಿತ್ತು. ಗಟ್ಟಿಮೇಳ ಮೊಳಗಿತು. ಸಣ್ಣತಾಯಮ್ಮ ಅಕ್ಷತೆ ಹಾಕಿ, ಆರತಿಗೆ ಅಣಿಮಾಡಲು ಮನೆಗೆ ಓಡಿದಳು. ಇತ್ತ ಧಾರೆ ಶುರುವಾಯಿತು. ಮಾಯಿಗ ಕಣ್ಣು ಮುಚ್ಚಿದ. ನೂರು ಜನ ಹಾಲು ಹುಯ್ದರು. ಮರಿಗೌಡರೂ ಬಂದು, ಸ್ವಲ್ಪ ದೂರ ನಿಂತೇ ಹುಯ್ದು ಹೋದರು. ಹಾಲು ಬಿದ್ದು ಬಿದ್ದು ಕಾಯಿ ಜಾರತೊಡಗಿತು. ಬಿದ್ದೀತು ಅಂತ ದ್ಯಾವಣ್ಣ ತನ್ನ ಕೈಯನ್ನೂ ನಡುವೆ ತೂರಿಸಿ ಕಾಯಿ ಹಿಡಿದ. ಧಾರೆ ಮುಗಿಯಿತು. ಚೆಲುವಿ ಹಾಲಿಗೆ ಜಾರುತ್ತಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಸೆರಗಿಗೆ ಒರಸಿಕೊಂಡಳು. ಯಾರೋ ಕಾಯಿ ತೆಗೆದುಕೊಂಡರು. ಮಾಯಿಗನ ಕೈಯಲ್ಲಿ ಉಳಿದದ್ದು ದ್ಯಾವಣ್ಣನ ಕೈ.

"ಆಯ್ತು, ಬಿಡಪ್ಪ," ಅಂದ ದ್ಯಾವಣ್ಣ.

ಮಾಯಿಗ ಇನ್ನೂ ಬಿಗಿಯಾಗಿ ಹಿಡಿದ.

"ಬಿಡ್ಲಾ! ಸ್ಟಾಪ್!"

ಬಿಡಲಿಲ್ಲ.

"ಫಿನಿಶ್! ಕ್ಲೋಸ್! ಅಯ್ಯೋ, ಕ್ಯಾನ್ಸಲ್ ಕಣ್ಲಾ!"

"ನೀವೇ ಹೇಳಿದ್ರಲ್ಲ ಮಾವ, ಇವತ್ತು ಅವ್ಯಾವೂ ಇಲ್ಲ, ನೀವೇ ಕೂಗಿದ್ರೂ ಕೇಳಬಾರದು ಅಂತ!"

ನಾಲ್ಕು ಜನ ಎಳೆದರು, ಎಂಟು ಜನ ಎಳೆದರು. ದ್ಯಾವಣ್ಣನ ತೋಳು ಉದ್ದವಾದ ಹಾಗಾಯಿತೇ ಹೊರತು ಕೈ ಬಿಡಲಿಲ್ಲ. ಊಟಕ್ಕೆ ಇಬ್ಬರನ್ನೂ ಒಟ್ಟಿಗೇ ಕೂರಿಸಬೇಕಾಯಿತು. ಇಬ್ಬರ ಬಲಗೈಯೂ ಸಿಕ್ಕಿಕೊಂಡಿತ್ತಲ್ಲ, ಚೆಲುವಿಯೇ ಗಂಡನ ಬಾಯಿಗೊಂದು ತುತ್ತು, ಅಪ್ಪನ ಬಾಯಿಗೊಂದು ತುತ್ತು ಇಟ್ಟಳು. ದ್ಯಾವಣ್ಣ ಬೈದುಕೊಂಡೇ ಎರಡು ಹೋಳಿಗೆ ತಿಂದ.

ಸಂಜೆ ಹೆಣ್ಣು ಒಳಗೆ ಬರುವ ಶಾಸ್ತ್ರ. ಸಣ್ಣತಾಯಮ್ಮ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಆರತಿ ಹಿಡಿದು ಕಾದಿದ್ದಳು. ಬೀದಿಯ ತಿರುವಿನಲ್ಲಿ ವಾಲಗ ಕೇಳಿಸಿತು. ಮುಂದೆ ಮಾಯಿಗ. ಅವನ ಕೈ ಹಿಡಿದುಕೊಂಡು ಬರುತ್ತಿದ್ದವನು ದ್ಯಾವಣ್ಣ, ಮೀಸೆ ಜೋತುಬಿದ್ದಿತ್ತು. ಹಿಂದೆ ಚೆಲುವಿ, ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದಳು. ಅವಳ ಹಿಂದೆ ಗಾಡಿಯ ಮೇಲೆ ಹೊಲಿಗೆ ಮೆಷಿನ್.

ಸಣ್ಣತಾಯಮ್ಮ ಎರಡು ತಲೆಗೆ ಅಂತ ತಂದಿದ್ದ ಆರತಿಯನ್ನು ಮೂರು ತಲೆಗೆ ಎತ್ತಿದಳು. ತಾನು ಕಣ್ಣು ಮುಚ್ಚಿದ ಮೇಲೆ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಎಷ್ಟು ಅತ್ತಿದ್ದಳೋ ಅಷ್ಟನ್ನೂ ಅವತ್ತು ನಕ್ಕಳು. ಅವಳು ಒಬ್ಬರನ್ನು ಬೇಡಿದ್ದಳು, ಇಬ್ಬರು ಬಂದಿದ್ದರು.

ದ್ಯಾವಣ್ಣ ಹೊಸಿಲಲ್ಲಿ ನಿಂತು ಒಂದು ಕೊನೆಯ ಸಲ ಕೈ ಜಗ್ಗಿ ನೋಡಿದ. ಮಾಯಿಗ ಅವನನ್ನು ಹತ್ತಿರ ಎಳೆದುಕೊಂಡು, ಅಕ್ಕಿಯ ಸೇರನ್ನು ಅವನ ಕಾಲ ಮುಂದಕ್ಕೆ ಸರಿಸಿ, ಬಹಳ ಮರ್ಯಾದೆಯಿಂದ ಹೇಳಿದ:

"ನಾಚ್ಕೋಬೇಡಿ ಮಾವ. ಬಲಗಾಲಿಟ್ಟು ಒಳಗೆ ಬನ್ನಿ."